ಬೊಮ್ಮ ಕೂತ ಜಗಲಿ

ಒಂದಾನೊಂದು ಕಾಲದಲ್ಲಿ, ರಾಜರುಗಳು ಸುಮ್‌ಸುಮ್ನೆ ಜಗಳ ಆಡ್ಕೊಂಡಿದ್ದ ಕಾಲ ಅಂದ್ಕೋ ಕಂದ, ಬೊಮ್ಮ ಅಂತ ಒಬ್ಬ ಸಿಪಾಯಿ ಇದ್ನಂತೆ. ಅವನೂ ಪಕ್ಕದ ಮನೆ ದ್ಯಾವನೂ ಒಟ್ಟಿಗೆ ಬೆಳೆದೋರು, ಒಟ್ಟಿಗೇ ದಂಡಿಗೆ ಹೋದ್ರಂತೆ. ಬಂದಿದ್ದು ಮಾತ್ರ ಬೊಮ್ಮ ಒಬ್ನೇ. ದ್ಯಾವ ಭರ್ಜಿ ತಿವಿತಕ್ಕೆ ಬಿದ್ದು, ಅಣ್ಣಾ ಒಂದು ಗುಟುಕು ನೀರು ಅಂತ ಕೂಗಿದ್ನಂತೆ. ಹಿಂದೆ ಕುದುರೆ ದಂಡು ಬರ್ತಿತ್ತು, ಬೊಮ್ಮ ನಿಲ್ಲದೆ ಓಡಿಬಿಟ್ನಂತೆ. ಆಮೇಲಿಂದ ನೀರಿನ ಚೆಂಬು ಹಿಡಿದ್ರೆ ಅವನ ಕೈ ನಡುಗೋದು, ತಟ್ಟೆ ಬಿದ್ದ ಸದ್ದಾದ್ರೂ ಗೋಡೆಗೆ ಅಂಟ್ಕೊಂಡು ನಿಂತ್ಬಿಡೋನು. ಇವರನ್ನ ದಂಡಿಗೆ ಕಳಿಸಿದ ರಾಜನಿಗೆ ಇದೆಲ್ಲ ಎಲ್ಲಿ ಗೊತ್ತಾಗ್ಬೇಕು, ಅವನು ಗೆದ್ದೆ ಅಂತ ಪಾಯಸ ಕುಡ್ಕೊಂಡಿದ್ದ.

ಆ ಊರಲ್ಲಿ ಮಾರ್ನಮಿ ಅಮಾಸೆ ದಿನ ಸತ್ತೋರಿಗೆ ಎಡೆ ಇಡ್ತಿದ್ರಂತೆ. ಬಾಳೆಲೆ ತುಂಬ ಬಡಿಸಿ, ಚೆಂಬಲ್ಲಿ ನೀರಿಟ್ಟು, ಬಾಗಿಲು ಮುಚ್ಚಿ, ಮನೆಯೋರು ಜಗಲಿ ಮೇಲೆ ಸುಮ್ನೆ ಕೂತ್ಕೋಬೇಕು. ಯಾರಾದ್ರೂ ಎದ್ದು ಹೋದ್ರೆ ಒಳಗೆ ಉಣ್ಣೋಕೆ ಬಂದ ಸತ್ತೋರು ಅರ್ಧ ಊಟಕ್ಕೇ ಎದ್ದು ಹೋಗ್ತಾರಂತೆ. ದ್ಯಾವನ ತಾಯಿ ಸಣ್ಣತಾಯವ್ವಂಗೆ ಬೇರೆ ಯಾರೂ ಇರ್ಲಿಲ್ಲ. ಅವನಿಗೆ ನೀನೇ ಅಣ್ಣ, ಬಂದು ಕೂರು ಮಗ ಅಂತ ಬೊಮ್ಮನ್ನ ಕರೆದ್ಲಂತೆ.

ಮೊದಲನೇ ವರ್ಷ ಕೂತ. ಎಲ್ಲೋ ಕುದುರೆ ಗೊರಸಿನ ಸದ್ದು ಕೇಳಿದಂಗಾಗಿ ಎದ್ದು ಹೊಲದ ಕಡೆ ಓಡಿಬಿಟ್ನಂತೆ. ಎರಡನೇ ವರ್ಷ ಹಲ್ಲು ಕಚ್ಕೊಂಡು ಕೂತ. ಥೂ ಹೇಡಿ, ಥೂ ಹೇಡಿ ಅಂತ ತನ್ನನ್ನೇ ಬೈಕೊಂಡು ಬೈಕೊಂಡು, ತಡೀಲಾರದೆ ಮತ್ತೆ ಎದ್ದು ಹೋದ್ನಂತೆ. ಎರಡು ಸಲವೂ ನನ್ನಿಂದ ದ್ಯಾವ ಅರೆಹೊಟ್ಟೇಲಿ ಎದ್ದು ಹೋದ ಅಂತ ಕೊರಗಿ ಕೊರಗಿ ಕಡ್ಡಿ ಆದ್ನಂತೆ.

ಮೂರನೇ ವರ್ಷ ಜಗಲಿ ಹತ್ತೋಕೂ ಮುಂಚೆ, ಅವ್ವಾ, ನಿನ್ನ ಮಗ ನೀರು ಕೇಳ್ದ, ನಾನು ತಿರುಗಿ ನೋಡ್ಲಿಲ್ಲ ಅಂತ ಎಲ್ಲಾ ಹೇಳ್ಬಿಟ್ನಂತೆ. ಸಣ್ಣತಾಯವ್ವ ಸೆರಗು ಬಾಯಿಗೆ ಒತ್ಕೊಂಡು ಅತ್ಲಂತೆ. ಆಮೇಲೆ ಕಣ್ಣೊರೆಸ್ಕೊಂಡು, ನಂಗೆ ಹೊಟ್ಟೆ ಉರಿಯಲ್ಲ ಅಂದ್ರೆ ಸುಳ್ಳಾಗುತ್ತೆ ಮಗ, ಆದ್ರೆ ಒಂದು ಹೇಳು, ನೀನು ಅಲ್ಲಿ ಬಿದ್ದು, ದ್ಯಾವ ಓಡಿ ಬಂದು ಹಿಂಗೆ ನಿಂತಿದ್ರೆ ನೀನು ಅವನಿಗೆ ಏನಂತಿದ್ದೆ ಅಂದ್ಲಂತೆ. ಬದುಕಿ ಬಂದ್ಯಲ್ಲ ತಮ್ಮಾ, ಕೂತ್ಕೋ ಅಂತಿದ್ದೆ, ಅಂದ ಬೊಮ್ಮ. ಹಂಗಾದ್ರೆ ಅದನ್ನೇ ನಿಂಗೆ ನೀನು ಹೇಳ್ಕೋ. ಉಸಿರು ಒಳಗೆ ಬರುತ್ತೆ, ಹೊರಗೆ ಹೋಗುತ್ತೆ, ಅದನ್ನ ನೋಡ್ತಾ ಕೂರು. ಮನಸ್ಸು ದ್ಯಾವ ಬಿದ್ದ ಆ ಬಯಲಿಗೆ ಓಡಿದ್ರೆ ಬೈಬೇಡ, ಬಾ ಅಂತ ಕರ್ಕೊಂಡು ಬಾ ಅಂದ್ಲಂತೆ.

ಬೊಮ್ಮ ಕೂತ. ಗೊರಸಿನ ಸದ್ದು ಬಂತು. ಬದುಕಿ ಬಂದ್ಯಲ್ಲ, ಕೂತ್ಕೋ ಅಂದ್ಕೊಂಡ. ಮತ್ತೆ ಬಂತು, ಮತ್ತೆ ಅಂದ್ಕೊಂಡ. ಕಣ್ಣಲ್ಲಿ ನೀರು ಸುರೀತಿತ್ತು, ಆದ್ರೂ ಏಳಲಿಲ್ಲವಂತೆ.

ಆಮೇಲೆ ಸಣ್ಣತಾಯವ್ವ ಬಾಗಿಲು ತೆಗೆದ್ರೆ, ಒಳಗೆ ಎರಡು ಎಲೆ, ಎರಡು ಚೆಂಬು. ಸತ್ತೋರ ಎಡೆ ಪಕ್ಕ ಬದುಕಿರೋರಿಗೆ ಎಲೆ ಹಾಕಬಾರ್ದು ಕಂದ, ಅವಳು ಹಾಕಿದ್ಲು. ಈ ಇನ್ನೊಂದು ಯಾರಿಗವ್ವಾ ಅಂದ ಬೊಮ್ಮ. ನಿಂಗೇ ಮಗ, ಹಿಂದಿನ ಎರಡು ವರ್ಷವೂ ಹಾಕಿದ್ದೆ, ನೀನು ನೋಡೋಕೆ ನಿಲ್ಲಲಿಲ್ಲ ಅಂದ್ಲಂತೆ.

ಬೊಮ್ಮ ಚೆಂಬು ಎತ್ತಿದ. ಕೈ ನಡುಗಿ ಒಂದಿಷ್ಟು ಚೆಲ್ಲಿತು, ಮಿಕ್ಕಿದ್ದು ಕುಡಿದ್ನಂತೆ. ಆಮೇಲೆ ಅವಳಿಗೆ ಮಗನಾಗಿ ಅದೇ ಮನೇಲಿ ಉಂಡ್ಕೊಂಡು ಇದ್ನಂತೆ. ದ್ಯಾವ ಮಾತ್ರ ವಾಪಸ್ ಬರಲಿಲ್ಲ ಕಂದ, ಅದನ್ನ ಸರಿಮಾಡೋಕೆ ಈ ಅಜ್ಜಿಗೂ ಆಗಲ್ಲ. ಕತೆ ಇಷ್ಟೇ, ಮುಗೀತು. ಇನ್ನು ನೀನೂ ಉಸಿರು ನೋಡ್ತಾ ಮಲಕ್ಕೋ.