ಅರ್ಧ ತೂಬಿನ ಕೆಂಪೀರವ್ವ

ಬಹಳ ಹಿಂದೆ, ನಮ್ಮ ಅಜ್ಜನ ಅಜ್ಜನೂ ಹುಟ್ಟುವ ಮೊದಲು, ಒಂದೂರಿನಲ್ಲಿ ಊರಿಗಿಂತ ದೊಡ್ಡದೊಂದು ಕೆರೆಯಿತ್ತಂತೆ. ಅದರ ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವ ನೀರುಗಂಟಿ ಕೆಂಪೀರವ್ವ. ಗಂಡ ತೀರಿಕೊಂಡ ಮೇಲೆ ಊರವರು ಅವನ ಕೆಲಸವನ್ನು ಇವಳಿಗೇ ವಹಿಸಿದ್ದರಂತೆ. ಬಾಯಿ ಸ್ವಲ್ಪ ಜೋರು. ಆದರೆ ನೀರು ಹಂಚುವಾಗ ಗೌಡನ ಗದ್ದೆಯೂ ಒಂದೇ, ತಳವಾರನ ಗದ್ದೆಯೂ ಒಂದೇ.

ಸಂಕ್ರಾಂತಿ ಕಳೆಯುತ್ತಲೇ ಕೊಕ್ಕರೆಗಳು ಬಂದು ಕೆರೆ ನಡುವಿನ ಜಾಲಿಮರಗಳಲ್ಲಿ ಗೂಡು ಕಟ್ಟುತ್ತಿದ್ದವು. ಅವುಗಳ ಹಿಕ್ಕೆ ಬಿದ್ದ ನೀರು ಹರಿದ ಗದ್ದೆಗೆ ಬೇರೆ ಗೊಬ್ಬರವೇ ಬೇಡವಂತೆ. ಒಂದು ಬೇಸಿಗೆ ಪೈರು ಬಾಡುತ್ತಿದೆಯೆಂದು ಕೆಂಪೀರವ್ವ ಪೂರ್ತಿ ತೂಬು ಎತ್ತಿಬಿಟ್ಟಳು. ಮರದ ಬುಡದ ನೀರು ಬತ್ತಿತು. ಕಾಡುಬೆಕ್ಕುಗಳು ಕೆಸರಿನಲ್ಲಿ ನಡೆದುಹೋಗಿ, ಮರ ಹತ್ತಿ, ರೆಕ್ಕೆ ಬಲಿಯದ ಮರಿಗಳನ್ನೆಲ್ಲ ತಿಂದವು. ಮರುವರ್ಷ ಬಂದದ್ದು ಹನ್ನೊಂದೇ ಜೋಡಿ. ತಪ್ಪು ತನ್ನದೇ ಎಂದು ಅವಳಿಗೆ ಊಟ ಸೇರುತ್ತಿರಲಿಲ್ಲವಂತೆ. ಈ ಮರಿಗಳೂ ಹೋದರೆ ಕೊಕ್ಕರೆಗಳು ಇನ್ನು ಈ ಕಡೆ ತಲೆ ಹಾಕುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಆ ವರ್ಷವೂ ಬಿಸಿಲು ಸುಟ್ಟಿತು, ಆದರೂ ಅವಳು ಪೂರ್ತಿ ತೂಬು ಎತ್ತಲಿಲ್ಲ. ಊರವರೆಲ್ಲ ಕೆರೆ ಏರಿಯ ಮೇಲೆ ಬಂದು ನಿಂತರು. ಹಕ್ಕಿಗಾಗಿ ಮಕ್ಕಳನ್ನು ಉಪವಾಸ ಕೆಡವುತ್ತೀಯಾ ಎಂದು ಗೌಡ ಕೇಳಿದನಂತೆ. ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

"ಮರಿಗೋಳು ಹಾರೋಗಂಟ ಅರ್ಧ ತೂಬೇ ಗೌಡ," ಎಂದಳು ಕೆಂಪೀರವ್ವ. "ಕಮ್ಮಿ ಬೀಳೋ ನೀರು ನನ್ ಗದ್ದೇದು ಅಂತ ತಿಳ್ಕಳಿ."

ಹಾಗೆಂದವಳೇ ತೂಬಿಗೆ ಹತ್ತಿರದ ತನ್ನ ಗದ್ದೆಯ ಕಾಲುವೆಗೆ ತಾನೇ ಮಣ್ಣು ಕಟ್ಟಿದಳು. ಅವಳ ಪಾಲಿನ ನೀರು ಮುಂದಿನವರಿಗೆ ಹರಿಯಿತು. ಹದಿನೆಂಟು ದಿನ ಅವಳ ಪೈರು ಕಣ್ಣೆದುರೇ ಒಣಗಿತು. ಮಿಕ್ಕವರದು ಹೇಗೋ ಉಳಿಯಿತು. ಹತ್ತೊಂಬತ್ತನೆಯ ಬೆಳಿಗ್ಗೆ ಮರಿಗಳು ಊರ ಮೇಲೆ ಒಂದು ಸುತ್ತು ಹಾರಿದವಂತೆ. ಅವಳು ಅತ್ತುಕೊಂಡೇ ಪೂರ್ತಿ ತೂಬು ಎತ್ತಿದಳಂತೆ.

ಕೊಕ್ಕರೆಗಳೇ ಅವಳಿಗೆ ಮೀನು ತಂದುಕೊಟ್ಟು ಸಾಕಿದವು ಎನ್ನುವವರೂ ಇದ್ದಾರೆ. ನಾನಂತೂ ನಂಬುವುದಿಲ್ಲ. ಸಾಕಿದ್ದು ಊರು. ಸುಗ್ಗಿಯಲ್ಲಿ ಮೊದಲ ಮೊರ ಭತ್ತ ಗೌಡನ ಮನೆಯಿಂದಲೇ ಬಂತಂತೆ. ಅವಳು ಬದುಕಿರುವವರೆಗೂ ಅದು ತಪ್ಪಲಿಲ್ಲ.

ಈಗಲೂ ಬೇಸಿಗೆಯಲ್ಲಿ ನೀರುಗಂಟಿ ತೂಬಿನ ಮೇಲೆ ನಿಂತು, ಕೆಂಪೀರವ್ವನನ್ನು ನೆನೆದು, "ಎತ್ಲಾ ಅವ್ವಾ?" ಎಂದು ಕೇಳುತ್ತಾನೆ. ಊರೆಲ್ಲ ಏರಿಯ ಮೇಲೆ ಕಾಯುತ್ತದೆ. ಗದ್ದೆ ಎಷ್ಟೇ ಒಣಗಿರಲಿ, ಜಾಲಿಮರದಿಂದ ಒಂದು ಮರಿ ಹಾರುವವರೆಗೂ ಯಾರೂ ಅವನಿಗೆ ಅವಸರ ಮಾಡುವುದಿಲ್ಲ.