ಕೆರೆ ಕಾಯುವವನ ಪಾಲು

"ಬುದ್ಧೀ, ಮಠದ ಆಸ್ಪತ್ರೆಗೆ ಎಷ್ಟು ಸುರಿದರೂ ಸಾಲುತ್ತಿಲ್ಲ. ಇದು ಏಕೆ?" ಎಂದು ಶಿಷ್ಯನೊಬ್ಬ ತನ್ನ ಗುರುವನ್ನು ಕೇಳಿದ.

ಆಸ್ಪತ್ರೆಯ ಹೊಣೆ ಅವನದೇ. ಹೊಸ ಕೋಣೆ ಕಟ್ಟಿಸಿದರೆ ಗೋಡೆ ಒಣಗುವ ಮೊದಲೇ ಅದು ತುಂಬಿಹೋಗುತ್ತಿತ್ತು. ಈ ವರ್ಷ ಪಾಠಶಾಲೆಯ ಮಕ್ಕಳ ಊಟಕ್ಕೆಂದು ತೆಗೆದಿಟ್ಟ ಅಕ್ಕಿಯನ್ನೂ ರೋಗಿಗಳ ಕಡೆಗೆ ತಿರುಗಿಸಬೇಕಾಗಿ ಬಂದಿತ್ತು. ಅದಕ್ಕೆ ಅಪ್ಪಣೆ ಪಡೆಯಲೆಂದು ಬಂದವನು, ಅದನ್ನು ಬಾಯಿಬಿಟ್ಟು ಹೇಳಲಾರದೆ ಈ ಪ್ರಶ್ನೆ ಕೇಳಿದ್ದ. ಮನುಷ್ಯ ಸೋತು ಸುಣ್ಣವಾಗಿದ್ದ.

ಗುರು ಅವನನ್ನು ಕೂರಿಸಿ ಒಂದು ಕತೆ ಹೇಳಿದರು.

ಒಂದು ಊರಿತ್ತು. ಊರಿಗೊಂದು ಕುಡಿಯುವ ನೀರಿನ ಕೆರೆ. ಸುಗ್ಗಿ ಮುಗಿದ ಮೇಲೆ ಊರೊಟ್ಟಿನ ರಾಗಿಯನ್ನು ಕಣದಲ್ಲಿ ರಾಶಿ ಹಾಕಿ, ಊರ ಕೆಲಸ ಮಾಡಿದವರಿಗೆ ಅಲ್ಲೇ ಪಾಲು ಅಳೆದು ಕೊಡುತ್ತಿದ್ದರು. ಉಳಿದದ್ದು ದಿಕ್ಕಿಲ್ಲದವರ ಹೊಟ್ಟೆಗೆ, ಮುಂದಿನ ಬಿತ್ತನೆಗೆ. ಪಾಲು ಕೇಳುವವನು ತಾನು ಮಾಡಿದ ಕೆಲಸವನ್ನು ಕಣದಲ್ಲಿ ತೋರಿಸಬೇಕು. ಅದು ಅಲ್ಲಿಯ ಪದ್ಧತಿ. ಕಮ್ಮಾರ ಕುಡುಗೋಲು ತಂದಿಡುತ್ತಿದ್ದ, ಕುಂಬಾರ ಗಡಿಗೆ ತಂದಿಡುತ್ತಿದ್ದ. ವೈದ್ಯ ತಾನು ಗುಣಪಡಿಸಿದವರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತಿದ್ದ.

ಕೆರೆ ಕಾಯುವವನೊಬ್ಬನಿದ್ದ. ಮಹಾ ಜಗಳಗಂಟ. ಕೆರೆಗೆ ಎಮ್ಮೆ ಇಳಿದರೆ ಕಲ್ಲು ಬೀಸುತ್ತಿದ್ದ. ಬಟ್ಟೆಯ ಗಂಟು ಹೊತ್ತು ಬಂದವರನ್ನು ಮುಖಮೂತಿ ನೋಡದೆ ಬೈದು ಅಟ್ಟುತ್ತಿದ್ದ. ಒಮ್ಮೆ ವೈದ್ಯನೇ ತನ್ನ ಮದ್ದರೆಯುವ ಕಲ್ಲನ್ನು ಕೆರೆಯಲ್ಲಿ ತೊಳೆಯಲು ಹೋಗಿ, ನಾಲ್ಕು ಜನರ ಎದುರು ಅವನಿಂದ ಮಂಗಳಾರತಿ ಮಾಡಿಸಿಕೊಂಡಿದ್ದ. ಇಂಥವನಿಗೆ ಕಣದಲ್ಲಿ ತೋರಿಸಲು ಏನೂ ಇರುತ್ತಿರಲಿಲ್ಲ. ಹಳೆಯ ಗೌಡ ಮಾತ್ರ ಪ್ರತಿ ವರ್ಷ, ಇವನದ್ದೂ ಅಳೆಯಿರಿ ಎನ್ನುತ್ತಿದ್ದ. ಯಾಕೆ ಎಂದು ಅವನೂ ಹೇಳಲಿಲ್ಲ, ಊರವರೂ ಕೇಳಲಿಲ್ಲ.

ಹಳೆಯ ಗೌಡ ತೀರಿಕೊಂಡ. ಅವನ ಜಾಗಕ್ಕೆ ಬಂದವನು ಕೆಟ್ಟವನೇನಲ್ಲ. ಊರೊಟ್ಟಿನ ಒಂದು ಕಾಳೂ ದಂಡವಾಗಬಾರದು ಎನ್ನುವವನು. ಮೊದಲ ಸುಗ್ಗಿಯಲ್ಲೇ ಅವನು ಕಾವಲುಗಾರನನ್ನು ಮುಂದಕ್ಕೆ ಕರೆದ.

"ನೀನೇನಪ್ಪ ತೋರಿಸ್ತೀಯ?"

"ಏನು ತೋರಿಸ್ಲಿ ಗೌಡ್ರೆ? ಯಾರಿಗೂ ಏನೂ ಆಗ್ಲಿಲ್ವಲ್ಲ."

ಕಣದಲ್ಲಿದ್ದವರೆಲ್ಲ ನಕ್ಕರು. ವೈದ್ಯನೂ ನಕ್ಕ. ಆ ಮಾತಿನ ತೂಕ ಅಲ್ಲಿ ಯಾರಿಗಾದರೂ ಗೊತ್ತಿದ್ದರೆ ಅವನಿಗೇ ಗೊತ್ತಿತ್ತು. ಆದರೂ ತುಟಿ ಬಿಚ್ಚಲಿಲ್ಲ. ಕೆರೆಯ ಬಳಿ ಬೈಸಿಕೊಂಡದ್ದು ಅವನ ಮನಸ್ಸಿನಲ್ಲಿ ಇನ್ನೂ ಹಸಿಯಾಗಿತ್ತು. ಕಾವಲುಗಾರ ಖಾಲಿ ಚೀಲವನ್ನು ಹೆಗಲಿಗೆ ಹಾಕಿಕೊಂಡು ಹೆಂಡತಿಯ ಊರಿಗೆ ಹೊರಟುಹೋದ. ಜನ ನಿರಾಳವಾದರು. ಎಮ್ಮೆಗಳೂ ನಿರಾಳವಾದವು.

ಬೇಸಿಗೆಯಲ್ಲಿ ಕೆರೆ ತಳ ಕಂಡಿತು, ಊರಿಗೆ ಜ್ವರ ಬಂತು. ಮನೆಮನೆಯಲ್ಲೂ ವಾಂತಿ, ಭೇದಿ. ವೈದ್ಯ ಊಟ ನಿದ್ದೆ ಬಿಟ್ಟು ಓಡಾಡಿದ, ಬಹಳ ಮಂದಿಯನ್ನು ಉಳಿಸಿದ. ಆ ಸುಗ್ಗಿಯಲ್ಲಿ ಅವನ ಪಕ್ಕ ನಿಂತವರ ಸಾಲು ಕಣವನ್ನು ದಾಟಿ ಹೊರಗೆ ಹೋಯಿತು. ಗೌಡನ ಕಣ್ಣು ತುಂಬಿ ಬಂತು. ಕಾವಲುಗಾರನಿಗೆ ಕೊಡದೆ ಉಳಿಸಿದ್ದೂ, ಅದರ ಮೇಲೆ ಇನ್ನಷ್ಟೂ ವೈದ್ಯನ ಚೀಲಕ್ಕೆ ಬಿತ್ತು. ವೈದ್ಯನಿಗೆ ಹೆಮ್ಮೆಯಾಯಿತು. ಸುಳ್ಳೇಕೆ ಹೇಳಬೇಕು, ತುಂಬಾ ಹೆಮ್ಮೆಯಾಯಿತು.

ಮರುವರ್ಷವೂ ಜ್ವರ ಬಂತು. ಅದರ ಮುಂದಿನ ವರ್ಷವೂ ಬಂತು, ಬೇಸಿಗೆ ಕಳೆದರೂ ಬಿಡಲಿಲ್ಲ. ಬೇರು ನಾರು ತರಲು ಗಾಡಿ ಬೇಕಾಯಿತು. ಮದ್ದು ಅರೆಯಲು ಆಳುಗಳು ಬೇಕಾದರು. ರೋಗಿಗಳಿಗೆ ಒಂದು ಚಪ್ಪರ, ಅದು ಸಾಲದೆ ಇನ್ನೊಂದು ಚಪ್ಪರ. ಎಲ್ಲವೂ ಕಣದ ಅದೇ ರಾಶಿಯಿಂದ. ದಿಕ್ಕಿಲ್ಲದವರ ಅನ್ನ ಮೊದಲು ನಿಂತಿತು. ಅವರು ಗದ್ದಲ ಮಾಡುವವರಲ್ಲ, ಹಾಗಾಗಿ ಅದು ಯಾರ ಗಮನಕ್ಕೂ ಬರಲಿಲ್ಲ.

ವೈದ್ಯನ ಹೆಮ್ಮೆ ಯಾವಾಗ ಕರಗಿತೋ ಅವನಿಗೇ ತಿಳಿಯಲಿಲ್ಲ. ಅದೇ ಮನೆ, ಅದೇ ಚಾಪೆ, ಅದೇ ಮಗು. ಗುಣಪಡಿಸಿ ಮತ್ತೆ ಅದೇ ನೀರಿಗೆ ಕಳಿಸುತ್ತಿದ್ದ. ಕುಂಬಾರನ ಪುಟ್ಟ ಮಗಳು ಪ್ರತಿ ಬೇಸಿಗೆಯಲ್ಲಿ ಮಲಗುತ್ತಿದ್ದಳು, ಪ್ರತಿ ಸುಗ್ಗಿಯಲ್ಲಿ ಅವನ ಪಂಚೆಯ ಅಂಚು ಹಿಡಿದು ಕಣದಲ್ಲಿ ನಿಲ್ಲುತ್ತಿದ್ದಳು. ಊರೆಲ್ಲ ತನ್ನನ್ನು ನೋಡುತ್ತದೆಂದು ಅವಳಿಗೆ ಸಂಭ್ರಮ. ಒಂದು ಸುಗ್ಗಿಯಲ್ಲಿ ಅವಳು ಇರಲಿಲ್ಲ. ಕುಂಬಾರ ಗಡಿಗೆಯನ್ನು ಕೆಳಗಿಟ್ಟು, ಮಗಳನ್ನು ಅಷ್ಟು ವರ್ಷ ಉಳಿಸಿಕೊಟ್ಟದ್ದಕ್ಕೆ ವೈದ್ಯನಿಗೆ ಕೈ ಮುಗಿದ. ವೈದ್ಯನಿಗೆ ಅದನ್ನು ತಾಳಲಾಗಲಿಲ್ಲ. ಅವನು ಗೌಡನ ಮುಂದೆ ಹೋಗಿ ನಿಂತ.

"ಈ ಸಲ ನನ್ನ ಪಾಲು ಬೇಡ ಗೌಡ್ರೆ. ಕೆರೆ ಕಾಯೋನನ್ನ ಕರೆಸಿ, ಅವನಿಗೆ ಅಳೀರಿ."

ಗೌಡ ಮರುಕದಿಂದಲೇ ಹೇಳಿದ: "ನಿಮಗೆ ದಣಿವಾಗಿದೆ ಪಂಡಿತರೆ. ಏನೂ ಆಗ್ದೆ ಇರೋದಕ್ಕೆ ರಾಗಿ ಅಳೆದ್ರೆ ಊರು ನನ್ನನ್ನ ಸುಮ್ನೆ ಬಿಡುತ್ತಾ? ಅಲ್ಲಿ ಚಪ್ಪರದಲ್ಲಿ ಅಷ್ಟು ಜನ ನರಳ್ತಾ ಇದ್ದಾರೆ. ಅವರ ಬಾಯಿಂದ ಕಿತ್ತು ಕೆರೆಗೆ ಹಾಕ್ಲಾ?"

ನರಳುವವರು ನಿಜವಾಗಿಯೂ ಇದ್ದರು. ಆ ವರ್ಷ ರಾಶಿಯಲ್ಲಿ ಬಿತ್ತನೆಯ ರಾಗಿಯ ಹೊರತು ಬೇರೇನೂ ಉಳಿದಿರಲಿಲ್ಲ. ಅದನ್ನೇ ಅಳೆದು ವೈದ್ಯನ ಚೀಲಕ್ಕೆ ಹಾಕಿದರು. ಅವನು ಹೊತ್ತುಕೊಂಡು ಹೊರಟ. ದಾರಿಯಲ್ಲಿ ಕೆರೆಯ ನೀರಿನಲ್ಲಿ ಎಮ್ಮೆಗಳು ಕುತ್ತಿಗೆಯವರೆಗೆ ಮುಳುಗಿ ಮೆಲುಕು ಹಾಕುತ್ತಿದ್ದವು. ಚೀಲ ಇಳಿಸಿ ಒಂದು ಕಲ್ಲು ಎತ್ತಿಕೊಂಡ. ಅಷ್ಟರಲ್ಲಿ ಚಪ್ಪರದ ಕಡೆಯಿಂದ ಯಾರೋ ಪಂಡಿತರೇ ಪಂಡಿತರೇ ಎಂದು ಕೂಗಿದರು. ಕಲ್ಲನ್ನು ಅಲ್ಲೇ ಬಿಟ್ಟು, ಚೀಲ ಎತ್ತಿಕೊಂಡು ಅತ್ತ ನಡೆದ.

ಗುರು ಕತೆ ನಿಲ್ಲಿಸಿದರು. ಶಿಷ್ಯ ನಿಟ್ಟುಸಿರು ಬಿಟ್ಟ. ಅಕ್ಕಿಯ ವಿಷಯ ಇನ್ನೂ ಅವನ ಗಂಟಲಲ್ಲೇ ಇತ್ತು. ಸಿಟ್ಟು ಮಾತ್ರ ಹೊರಗೆ ಬಂತು.

"ಬುದ್ಧೀ, ಎಂಥ ಮೂಢ ಆ ಗೌಡ! ಆ ಊರಿನವರಾದರೂ ಎಂಥವರು! ಕಣ್ಣೆದುರು ಇದ್ದವನು ಒಬ್ಬನಿಗೂ ಕಾಣಲಿಲ್ಲವಲ್ಲ!"

ಗುರು ಕೇಳಿದರು: "ನೀನು ಇವತ್ತು ಬೆಳಿಗ್ಗೆ ಜ್ವರವಿಲ್ಲದೆ ಎದ್ದೆಯಲ್ಲ, ಆಗ ಯಾರನ್ನು ನೆನೆದೆ?"