ಮಹಾಸಭೆಯ ಮೊದಲ ವೀಳ್ಯ

ವಿಜಯನಗರ ಅಳಿಯದೆ ಉಳಿದಿದ್ದರೆ ಅದಕ್ಕೊಂದು ಮಹಾಸಭೆ ಇರುತ್ತಿತ್ತಲ್ಲ, ಅಲ್ಲಿ ನಡೆದದ್ದಿದು. ಆ ಸಭೆಯಲ್ಲಿ ವೀಳ್ಯ ಕೊಟ್ಟರೆ ಬೇಡ ಅನ್ನುವಂತಿಲ್ಲ, ಬಾಯಲ್ಲಿ ವೀಳ್ಯ ಇರುವಾಗ ಮಾತಾಡುವಂತಿಲ್ಲ.

ಹೊಳೆಯಲ್ಲಿ ಯಾರೂ ಹರಿಗೋಲು ಹಾಕಕೂಡದೆಂದು ಮಸೂದೆ ತಂದ ಮಂತ್ರಿ, ವೀಳ್ಯ ಹಂಚುವ ಆಳನ್ನು ಗದರಿದ: "ಆ ನಾಗಲಾಂಬೆ ವಿರೋಧಿಸೋಕೆ ಎದ್ದ ಕೂಡಲೇ ತಟ್ಟೆ ತಾ. ತಪ್ಪಿದರೆ ಕೆಲಸ ಹೋಯ್ತು ಅಂದ್ಕೋ."

ಆಳಿನ ಅಣ್ಣ ಹರಿಗೋಲು ನಡೆಸಿಯೇ ಹೊಟ್ಟೆ ಹೊರೆಯುವವನು. ಆದರೂ ಆಳು "ಆಗಲಿ ಬುದ್ಧಿ" ಅಂದ.

ನಾಗಲಾಂಬೆ ಎದ್ದಳು. ಆಳು ತಟ್ಟೆ ಹಿಡಿದು ನೆಟ್ಟಗೆ ಮಂತ್ರಿಯ ಮುಂದೆಯೇ ಬಗ್ಗಿದ. ದಪ್ಪ ವೀಳ್ಯ ಮಂತ್ರಿಯ ಬಾಯಿ ಸೇರಿತು. ಒಬ್ಬೊಬ್ಬರಿಗೇ ಕೊಡುತ್ತ ಅವಳ ಬಳಿ ಬರುವಷ್ಟರಲ್ಲಿ ಅವಳ ಮಾತು ಮುಗಿದಿತ್ತು. ಉತ್ತರ ಹೇಳಬೇಕಾದವನು ಇನ್ನೂ ಅಗಿಯುತ್ತಿದ್ದ. ಮಸೂದೆ ಬಿತ್ತು.

ಹೊರಗೆ ಬಂದು ಉಗಿದು ಮಂತ್ರಿ ಕೂಗಿದ: "ಏನೋ ಇದು?"

"ಮೊದಲ ವೀಳ್ಯ ನಿಮಗಲ್ಲದೆ ಇನ್ಯಾರಿಗೆ ಬುದ್ಧಿ? ಬೇಡ ಅಂದ್ರೆ ನಾಳೆಯಿಂದ ನಿಮಗೇ ಕೊನೆಗೆ ಕೊಡ್ತೀನಿ."

ಮಂತ್ರಿಯ ಮೀಸೆ ನಿಮಿರಿತು. "ನನಗೆ ಕೊನೆಗಾ? ನಾಳೆಯೂ ಮೊದಲು ನನಗೇ!"